ಶಾವಿಗೆ ಸ್ಟ್ಯಾಂಡಿನ ಸರ್ವೇ

ಇದನ್ನು ಹೇಳಲು ಹೊರಟಿದ್ದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ನಾನು ಕಥೆ ಬರೆಯುವವನಲ್ಲ, ಸಿಂಧನೂರಿನ ಒಂದು ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವವನು. ಹೆಸರು ಗಾದಿಲಿಂಗ. ಹಗಲು ಗಿರಣಿ, ಸಂಜೆ ಕಾಲೇಜು ಎಂದು ಬಿ.ಎ. ಮುಗಿಸಿದವನಾದ್ದರಿಂದ ನನ್ನ ಕನ್ನಡ ಅಲ್ಲಲ್ಲಿ ತೂಕಡಿಸಿದಂತೆ ಕಂಡರೆ ಅದು ಸಂಜೆಯ ದೋಷ. ನನ್ನ ಹೆಂಡತಿ ಜಯಶ್ರೀ, "ಆದದ್ದು ಆತು, ಬರದು ಮತ್ತೊಮ್ಮೆ ಯಾಕ ಮಾನ ಕಳಕೋತೀರಿ" ಎಂದಳು. ಅವಳ ಮಾತು ಸರಿಯೇ. ಆದರೆ ಮಸ್ಕಿಯ ಕಡೆ ಈ ಸಂಗತಿಯನ್ನು ಎರಡು ಥರ ಹೇಳುತ್ತಿದ್ದಾರೆ. ಒಂದರಲ್ಲಿ ನಾನು ದೊಡ್ಡ ಅಧಿಕಾರಿ, ಇನ್ನೊಂದರಲ್ಲಿ ದೊಡ್ಡ ಕಳ್ಳ. ಎರಡಕ್ಕೂ ನನಗೆ ಯೋಗ್ಯತೆ ಇಲ್ಲ ಎಂದು ತಿಳಿಸುವುದಷ್ಟೇ ನನ್ನ ಉದ್ದೇಶ.

ಲಿಂಗಸುಗೂರಿನಲ್ಲಿ ಭೀಮೇಶ ಇದ್ದಾನೆ. ಜಯಶ್ರೀಯ ತಂಗಿಯ ಗಂಡ, ನನ್ನ ಷಡ್ಡಕ. ಹೋದ ವರ್ಷ ಹೊಸ ಕಾರು ತಂದ. ಅದರ ಕನ್ನಡಿಯ ಹಿಂದೆ ಒಂದು ಸಣ್ಣ ಕ್ಯಾಮೆರಾ ಇದೆ. ಕಾರು ಕಂಡದ್ದನ್ನೆಲ್ಲ ಅದು ತಾನೇ ನೆನಪಿಟ್ಟುಕೊಳ್ಳುತ್ತದೆ. ನಾವು ಹಬ್ಬಕ್ಕೆ ಹೋದಾಗ ಊಟವಾದ ಮೇಲೆ ಎಲ್ಲರನ್ನೂ ಟಿವಿಯ ಮುಂದೆ ಕೂಡಿಸಿ ಲಿಂಗಸುಗೂರಿನಿಂದ ಮುದಗಲ್ಲಿಗೆ ಹೋಗುವ ರಸ್ತೆಯನ್ನು ಪೂರ್ತಿ ತೋರಿಸಿದ. ನಾವೆಲ್ಲ ಎಷ್ಟೋ ಸಲ ಹೋಗಿ ಬೇಸರಪಟ್ಟ ರಸ್ತೆಯೇ ಅದು. ಆದರೂ ಟಿವಿಯಲ್ಲಿ ಬಂದಾಗ ನಮ್ಮತ್ತೆ ಕನಕಮ್ಮನವರು, "ಅಗಾ ಎಮ್ಮಿ, ಅಗಾ ಇನ್ನೊಂದು ಎಮ್ಮಿ" ಎಂದು ಪ್ರತಿಯೊಂದನ್ನೂ ಹೊಸದಾಗಿ ಗುರುತಿಸಿದರು. ಕಿರಿಯ ಅಳಿಯನ ಎಮ್ಮೆಗಳಿಗೆ ಸಿಕ್ಕ ಗೌರವ ಹಿರಿಯ ಅಳಿಯನಾದ ನನಗೆ ಆ ಮನೆಯಲ್ಲಿ ಎಂದೂ ಸಿಕ್ಕಿರಲಿಲ್ಲ.

"ನಮ್ಮ ಗಾಡಿಗೂ ಇಂಥಾದ್ದೊಂದು ಹಚ್ಚಬೇಕು" ಎಂದೆ, ಮಾತಿಗೆ.

"ನಿಮ್ಮ ಗಾಡಿಗೆ ಯಾಕ್ರಿ ಅಣ್ಣಾರ" ಎಂದ ಭೀಮೇಶ. "ಮುಂದ ಹೋಗೂದನ್ನ ಹಿಡೀಬೇಕಂದ್ರ ಮೊದಲು ಗಾಡಿ ಮುಂದ ಹೋಗ್ಬೇಕಲ್ಲ."

ಎಲ್ಲರೂ ನಕ್ಕರು. ಜಯಶ್ರೀಯೂ ನಕ್ಕಳು. ಅಲ್ಲಿಂದ ಶುರುವಾಯಿತು.

ನನ್ನದು ಹಳೆಯ ಬಿಳಿ ಕಾರು. ಮೊದಲು ಮೊಬೈಲನ್ನು ಒಳಗೆ, ಸ್ಟೀರಿಂಗಿನ ಮುಂದಿನ ಹಲಗೆಯ ಮೇಲೆ ಕುಕ್ಕರಿನ ರಬ್ಬರಿನಿಂದ ಕಟ್ಟಿ ನೋಡಿದೆ. ಮೊದಲ ಗುಂಡಿಗೇ ಅದು ನನ್ನ ತೊಡೆಯ ಮೇಲೆ ಬಿತ್ತು, ಎರಡನೆಯದಕ್ಕೆ ಬ್ರೇಕಿನ ಕೆಳಗೆ ಹೋಯಿತು. ಕುಕ್ಕರ್ ಬೇರೆ ಅವತ್ತು ಸೀಟಿ ಹಾಕಲಿಲ್ಲ. ಆಮೇಲೆ ಗಾಜಿಗೆ ಅಂಟಿಸಿದೆ. ಬಿಸಿಲಿಗೆ ಅಂಟು ಕರಗಿ ಮೊಬೈಲು ಮೆಲ್ಲಗೆ ಜಾರುತ್ತ ರಸ್ತೆ ಬಿಟ್ಟು ನನ್ನ ಹೊಟ್ಟೆಯನ್ನು ಚಿತ್ರಿಸಿತು. ಕಡೆಗೆ ಅಟ್ಟದ ಮೇಲಿದ್ದ ಶಾವಿಗೆ ಸ್ಟ್ಯಾಂಡು ಕಣ್ಣಿಗೆ ಬಿತ್ತು.

ಆ ಸ್ಟ್ಯಾಂಡಿನ ಬಗ್ಗೆ ಎರಡು ಮಾತು ಹೇಳಲೇಬೇಕು. ನಮ್ಮ ಕಡೆ ಶಾವಿಗೆ ಮಾಡುವುದು ಹೊರಸಿನ ಮಂಚಕ್ಕೆ ಬಿಗಿದ ಸಣ್ಣ ಮಷೀನಿನಲ್ಲಿ, ಹಿಡಿ ತಿರುವಿ. ಇದು ಹಾಗಲ್ಲ. ದಾವಣಗೆರೆ ಕಡೆಯ ಬೀಗರ ಮನೆಯಲ್ಲಿ ನೋಡಿ ಆಸೆಪಟ್ಟು ಕನಕಮ್ಮನವರು ತರಿಸಿ ಮಗಳಿಗೆ ಮದುವೆಯಲ್ಲಿ ಕೊಟ್ಟದ್ದು. ಕಬ್ಬಿಣದ ಮೂರು ಉದ್ದ ಕಾಲು, ಮೇಲೆ ಒಂದು ಬಳೆ, ಬಳೆಯೊಳಗೆ ಕೊಳವೆ, ಅದರ ಮೇಲೆ ತಿರುವುವ ಹಿಡಿ. ಬೇಯಿಸಿದ ಹಿಟ್ಟಿನ ಉಂಡೆ ಹಾಕಿ ತಿರುವಿದರೆ ಕೆಳಗೆ ಶಾವಿಗೆ ಇಳಿಯುತ್ತದೆ. ಸಿಂಧನೂರಿನಿಂದ ಲಿಂಗಸುಗೂರಿನವರೆಗೆ ಇಂಥದ್ದು ಇನ್ನೊಂದಿಲ್ಲ. ಆದ್ದರಿಂದ ಅದನ್ನು ನೋಡಿದವರಿಗೆ ಅದು ಏನು ಎಂದು ತಿಳಿಯುವ ಸಂಭವವೂ ಇರಲಿಲ್ಲ. ಇದು ಆಗ ನನಗೆ ಹೊಳೆಯಲಿಲ್ಲ.

ವೆಲ್ಡಿಂಗ್ ಅಂಗಡಿಯ ಮಲೀಕಸಾಬ ಅದನ್ನು ಕಾರಿನ ಮೇಲಿನ ಕ್ಯಾರಿಯರ್‌ಗೆ ಕೂಡಿಸಿದ. ಕೊಳವೆ ಕೂರುವ ಬಳೆಯಲ್ಲಿ ಹವಾಯಿ ಚಪ್ಪಲಿಯ ತುಂಡುಗಳನ್ನು ಮೆತ್ತೆಯಾಗಿಟ್ಟು ಮೊಬೈಲು ನಿಲ್ಲಿಸಿದ. ಕೆಲಸ ಮುಗಿಸಿ ಸ್ಟ್ಯಾಂಡು ಹಿಡಿದು ಜಗ್ಗಿದ, ಕಾರೇ ಅಲ್ಲಾಡಿತು.

"ಗಾಡಿ ಬಿದ್ರೂ ಇದು ಬೀಳಂಗಿಲ್ಲ ಸಾರ್" ಎಂದ.

"ಮತ್ತ ಬೇಕಾದಾಗ ತೆಗಿಯೂದು ಹೆಂಗ?"

"ತೆಗಿಯೂದು ನೀವು ಹೇಳಿರಲಿಲ್ಲಲ್ರಿ."

ಸ್ಟ್ಯಾಂಡು ನಡುಗದಿರಲಿ ಎಂದು ನಾನು ಮೂರು ಕಾಲಿಗೂ ಬಟ್ಟೆ ಸುತ್ತಿದೆ. ಸಿಕ್ಕಿದ್ದು ಜಯಶ್ರೀಗೆ ಉಡಿ ತುಂಬಿದ್ದ ಕೆಂಪು ಖಣಗಳು. ತುದಿಗಳು ಗಾಳಿಗೆ ಪಟಪಟ ಹಾರಾಡಿದವು. ಪಕ್ಕದ ಮನೆಯ ಕರೀಮಾಬಿ ಬಾಗಿಲಿಗೆ ಬಂದು ಬಹಳ ಹೊತ್ತು ನೋಡಿದರು.

"ಏನ್ ಬೇಟಾ, ಮನಿಯಾಗ ಜಾಗಾ ಸಾಲದಂತ ಶಾವಿಗಿ ಗಾಡಿ ಮ್ಯಾಲ ಒತ್ತಾಕತ್ತೀರೇನು?"

"ಕ್ಯಾಮೆರಾ ಕುಂದರಸೂದ್ರಿ ಖಾಲಾ. ರಸ್ತಾ ಹಿಡೀತೀನಿ."

"ಒಳ್ಳೇದು. ಮಂದಿ ಕಣ್ಣು ಬೀಳ್ತದ, ಒಂದ್ ನಿಂಬಿಹಣ್ಣು ಕಟ್ರಿ" ಎಂದು ತಾವೇ ಒಂದು ತಂದುಕೊಟ್ಟರು. ಜಯಶ್ರೀ ಅದಕ್ಕೆ ಹಸಿಮೆಣಸಿನಕಾಯಿ ಪೋಣಿಸಿ ಸ್ಟ್ಯಾಂಡಿನ ಎಡಗಡೆ ಕಟ್ಟಿದಳು. ಇದನ್ನು ನೆನಪಿಡಬೇಕು ಎಂದು ಓದುಗರಲ್ಲಿ ವಿನಂತಿ. ನಾನು ನೆನಪಿಡಲಿಲ್ಲ.

ಇಂಥ ಚಿತ್ರಗಳನ್ನು ಹೇಗೆ ತೆಗೆಯಬೇಕೆಂದು ಹೇಳಿಕೊಡುವ ಪಾಠಗಳು ಮೊಬೈಲಿನಲ್ಲಿ ಬರುತ್ತವೆ. ಅವನ್ನು ನಾನು ಪರೀಕ್ಷೆಗೆ ಓದಿದ ಹಾಗೆ ನೋಡಿದ್ದೆ. ಎರಡು ನಿಯಮ ಮುಖ್ಯ. ಹೊರಟಲ್ಲಿಂದ ಮುಟ್ಟುವವರೆಗೆ ಗಾಡಿ ನಿಲ್ಲಿಸಬಾರದು. ಮಾತಾಡಬಾರದು. ಟೋಪಿ, ಕಪ್ಪು ಕನ್ನಡಕ ನಿಯಮದಲ್ಲಿ ಇರಲಿಲ್ಲ. ಪಾಠ ಹೇಳುವವರೆಲ್ಲ ಹಾಕಿಕೊಂಡಿದ್ದರಿಂದ ನಾನೂ ಹಾಕಿಕೊಂಡೆ. ಜಯಶ್ರೀ ಈ ಗಾಡಿಯಲ್ಲಿ ತಾನು ಬರುವುದಿಲ್ಲ ಎಂದು ಬಸ್ಸು ಹಿಡಿದು ಲಿಂಗಸುಗೂರಿಗೆ ಮುಂದೆ ಹೋದಳು.

ಭಾನುವಾರ ಬೆಳಗ್ಗೆ ನಾನು ಸಿಂಧನೂರು ಬಿಟ್ಟೆ. ಜೋರಾಗಿ ಹೋದರೆ ಚಿತ್ರ ನಡುಗುತ್ತದೆಂದು ಎತ್ತಿನ ಬಂಡಿಗಿಂತ ಒಂದು ಕೈ ಮುಂದೆ ಎಂಬಂತೆ ಹೋಗುತ್ತಿದ್ದೆ. ಆ ದಿನ ಜನ ನನಗೆ ತೋರಿಸಿದ ಮರ್ಯಾದೆಯನ್ನು ಹುಟ್ಟಿದಾಗಿನಿಂದ ನಾನು ಕಂಡಿರಲಿಲ್ಲ. ಭತ್ತದ ಚೀಲ ಹೇರಿದ ಟ್ರ್ಯಾಕ್ಟರಿನವನು ತಾನಾಗಿ ಬದಿಗೆ ಇಳಿದ. ಕಟ್ಟೆಯ ಮೇಲೆ ಕೂತವರು ಎದ್ದು ನಿಂತರು. ರಸ್ತೆಯ ಮೇಲೆ ಬೋರ್ಡು ಇಟ್ಟಿದ್ದ ಒಬ್ಬ ಅಂಗಡಿಯವನು ನನ್ನನ್ನು ನೋಡಿದ್ದೇ ಅದನ್ನು ಎದೆಗವಚಿಕೊಂಡು ಒಳಗೆ ಓಡಿದ. ಒಬ್ಬ ಮುದುಕ ಕೈ ಮುಗಿದ. ನಾನೂ ತಲೆ ಬಾಗಿಸಿದೆ. ಮನುಷ್ಯ ಸ್ವಂತ ಬುದ್ಧಿಯಿಂದ ಒಂದು ಉಪಕರಣ ಕಟ್ಟಿದರೆ ನಮ್ಮ ಜನ ಅದನ್ನು ಹೇಗೆ ಗೌರವಿಸುತ್ತಾರೆ ಎಂದು ದಾರಿಯುದ್ದಕ್ಕೂ ಹೆಮ್ಮೆಪಟ್ಟೆ.

ಮಸ್ಕಿಗೆ ಸ್ವಲ್ಪ ಮುಂಚೆ ಹತ್ತಾರು ಅಂಗಡಿಗಳ ಒಂದು ಸಾಲಿದೆ. ಅಲ್ಲಿ ನನ್ನ ಚಿಗವ್ವ ಗದ್ದೆಮ್ಮನ ಚಹಾ ಅಂಗಡಿ. ನಾಲ್ಕು ಗೂಟ, ಮೇಲೆ ತಗಡು, ಮುಂದೆ ಮಣ್ಣಿನ ಒಲೆ. ಅವ್ವ ಹೋದ ಮೇಲೆ ನನ್ನನ್ನು ಸಾಕಿದವಳು ಚಿಗವ್ವ. ನನ್ನ ಸಂಜೆ ಕಾಲೇಜು ಆ ಒಲೆಯ ಮೇಲೆ ಬೆಂದದ್ದು. ಆ ದಾರಿಯಲ್ಲಿ ಹೋಗುವಾಗ ಅಲ್ಲಿ ನಿಂತು ಚಹಾ ಕುಡಿಯದೆ ನಾನು ಒಮ್ಮೆಯೂ ಮುಂದೆ ಹೋದವನಲ್ಲ. ಆದರೆ ಅವತ್ತು ನಿಯಮ ಇತ್ತಲ್ಲ. ಬರುವಾಗ ನಿಂತರಾಯಿತು ಎಂದುಕೊಂಡೆ.

ಸಾಲಿನ ಮೊದಲಲ್ಲೇ ರಸ್ತೆ ಹಂಪು. ಅದನ್ನು ಹತ್ತಿಸುವಾಗ ಅಂಬಪ್ಪ ಎಂಬವನು ಕಿಟಕಿಗೆ ಬಂದ. ಆ ಅಂಗಡಿಗಳ ಸಾಲಿಗೆ ತಾನೇ ಅಧ್ಯಕ್ಷ ಎಂದು ಹೇಳಿಕೊಂಡು ತಿರುಗುವವನು. ಯಾರು ಮಾಡಿದ್ದು ಎಂದು ಯಾರೂ ಕೇಳಿಲ್ಲ.

"ಏನ್ ಸರ್ವೇರಿ ಸಾಹೇಬ್ರ?" ಎಂದ.

ಮಾತಾಡಿದರೆ ದನಿ ಚಿತ್ರದಲ್ಲಿ ಸೇರುತ್ತದೆ. ನಾನು ತುಟಿಯ ಮೇಲೆ ಬೆರಳಿಟ್ಟು ಸುಮ್ಮನಿರುವಂತೆ ಸನ್ನೆ ಮಾಡಿ, ಮೇಲಿದ್ದ ಕ್ಯಾಮೆರಾದ ಕಡೆ ಕೈ ತೋರಿಸಿದೆ. ಅಂಬಪ್ಪ ಎರಡು ಹೆಜ್ಜೆ ಹಿಂದೆ ಸರಿದು ತಲೆಗೆ ಸುತ್ತಿದ್ದ ದಸ್ತಿ ತೆಗೆದ. ನಾನು ಮುಂದೆ ಹೋದೆ.

ಲಿಂಗಸುಗೂರಿನಲ್ಲಿ ಎಲ್ಲರೂ ಟಿವಿಯ ಮುಂದೆ ಕೂತರು. ಕನಕಮ್ಮನವರು ಮೊದಲು ಹೊರಗೆ ಬಂದು ತಾವು ಕೊಟ್ಟ ಸ್ಟ್ಯಾಂಡನ್ನು ಕಾರಿನ ತಲೆಯ ಮೇಲೆ ನೋಡಿದರು. ಏನೂ ಅನ್ನಲಿಲ್ಲ. ಏನೂ ಅನ್ನದೆ ಇರುವುದರಲ್ಲಿ ಅವರಷ್ಟು ನುರಿತವರನ್ನು ನಾನು ನೋಡಿಲ್ಲ.

ಚಿತ್ರ ಶುರುವಾಯಿತು. ಪರದೆಯ ಎಡ ಅರ್ಧವನ್ನು ಒಂದು ನಿಂಬೆಹಣ್ಣು ತುಂಬಿಕೊಂಡಿತ್ತು. ಅದು ಹತ್ತಿರದಿಂದ ಕಂಡದ್ದರಿಂದ ಕುಂಬಳಕಾಯಿಯಷ್ಟು ದೊಡ್ಡದಾಗಿತ್ತು. ಬಲಗಡೆ ರಸ್ತೆಯೂ ಹೊಲಗಳೂ ಸೊಗಸಾಗಿ ಬರುತ್ತಿದ್ದವು. ಎಡಗಡೆ ಹಣ್ಣು ತೂಗುತ್ತ, ಮೆಣಸಿನಕಾಯಿ ಆಡಿಸುತ್ತ ನಮ್ಮ ಜೊತೆ ಪ್ರಯಾಣ ಮಾಡುತ್ತಿತ್ತು.

"ಅಣ್ಣಾರ, ರಸ್ತಾ ಚಲೋ ಬಂದೈತ್ರಿ" ಎಂದ ಭೀಮೇಶ. "ಆದ್ರ ಹೀರೋ ನಿಂಬಿಹಣ್ಣ."

"ಎಮ್ಮಿ ಎಲ್ಲೈತಿ?" ಎಂದು ಕನಕಮ್ಮನವರು ಕೇಳಿದರು.

"ಹಣ್ಣಿನ ಹಿಂದ ಇರ್ಬೇಕ್ರಿ ಅತ್ತಿ" ಎಂದೆ.

ಮರುದಿನ ಮಧ್ಯಾಹ್ನ ಜಯಶ್ರೀ, ನಾನು ಹೊರಟೆವು. ಬಸ್ಸು ತಪ್ಪಿದ್ದರಿಂದ ಅವಳು ಈ ಗಾಡಿಯಲ್ಲೇ ಕೂರಬೇಕಾಯಿತು. ಸ್ಟ್ಯಾಂಡು ಮೇಲೆಯೇ ಇತ್ತು. ಮಲೀಕಸಾಬನ ಮಾತು ಅಷ್ಟು ಗಟ್ಟಿ. ಟೋಪಿ, ಕನ್ನಡಕ ಮಾತ್ರ ತೆಗೆದಿದ್ದೆ. ಮಸ್ಕಿ ದಾಟುವ ಮೊದಲೇ ಒಬ್ಬ ರಸ್ತೆಗೆ ಅಡ್ಡ ಬಂದು ನಿಂತ. ಅವನ ಹಿಂದೆ, ನಿನ್ನೆ ಖಾಲಿಯಿದ್ದ ಹೊಲದ ಅಂಚಿನಲ್ಲಿ ಮಾವಿನ ಸಸಿಗಳು ಸಾಲಾಗಿ ನಿಂತಿದ್ದವು. ಬುಡದ ಮಣ್ಣು ಇನ್ನೂ ಹಸಿ ಇತ್ತು.

"ಸಾಹೇಬ್ರ, ಇದು ತ್ವಾಟ ಅಂತ ಬರಕೋರಿ. ಹಳೇ ತ್ವಾಟ."

"ನಾ ಸಾಹೇಬ ಅಲ್ಲಪಾ. ಇದು ಸರ್ವೇ ಅಲ್ಲ."

"ಹಂಗ ಅನಬೇಕ್ರಿ ನೀವು. ನಮಗೂ ಗೊತ್ತೈತಿ" ಎಂದು ಅವನು ಕಣ್ಣು ಮಿಟುಕಿಸಿ, ಒಂದು ಎಳನೀರನ್ನು ಕಿಟಕಿಯಿಂದ ಜಯಶ್ರೀಯ ಮಡಿಲಿಗೆ ಇಟ್ಟು ಹೋದ.

ಆಗ ನನಗೆ ನಿನ್ನೆಯ ಮರ್ಯಾದೆಯ ಅರ್ಥ ಆಯಿತು. ಮೂರು ಕಾಲು, ಕೆಂಪು ಬಟ್ಟೆ, ಬಿಳಿ ಕಾರು, ನಿಧಾನ ನಡೆ. ರಸ್ತೆ ಅಗಲ ಮಾಡಲು ಅಳೆಯುವ ಗಾಡಿ ಎಂದುಕೊಂಡಿದ್ದಾರೆ. ಹೊಲ ಇದ್ದವರು ಪರಿಹಾರಕ್ಕೆಂದು ರಾತ್ರೋರಾತ್ರಿ ತೋಟ ನೆಟ್ಟಿದ್ದಾರೆ. ಹೊಲ ಇಲ್ಲದವರು ಏನು ಮಾಡಿರಬಹುದು ಎಂದು ಯೋಚಿಸುವಷ್ಟರಲ್ಲಿ ಚಿಗವ್ವನ ಅಂಗಡಿಯ ಹತ್ತಿರ ಬಂದಿದ್ದೆವು.

ಅಂಗಡಿ ಅಲ್ಲಿರಲಿಲ್ಲ. ಆ ಜಾಗದಲ್ಲಿ ಹಸಿರು ಬಣ್ಣದ ತಗಡಿನ ಡಬ್ಬಾ ಅಂಗಡಿಯೊಂದು ಕೂತಿತ್ತು. ಅದರೊಳಗೆ ಅಂಬಪ್ಪ ಗುಟ್ಕಾದ ಸರಗಳನ್ನು ತೂಗಿಹಾಕುತ್ತಿದ್ದ. ರಸ್ತೆಯಿಂದ ಕೆಳಗೆ, ತಗ್ಗಿನಲ್ಲಿ, ಜಾಲಿಗಿಡದ ಬುಡಕ್ಕೆ ಚಿಗವ್ವ ತನ್ನ ಗೂಟಗಳನ್ನು ರಾಶಿ ಹಾಕಿಕೊಂಡು ಕೂತಿದ್ದಳು. ಒಡೆದ ಒಲೆಯ ಮಣ್ಣಿನ ಹೆಂಟೆಗಳನ್ನು ಒಂದು ಬುಟ್ಟಿಯಲ್ಲಿ ತುಂಬಿಟ್ಟಿದ್ದಳು.

ಆ ಸಾಲಿಗೆ ಒಂದು ಕಟ್ಟಳೆ ಇದೆ. ಜಾಗ ಯಾರದೂ ಅಲ್ಲ, ರಸ್ತೆಯದು. ಆದ್ದರಿಂದ ಒಲೆ ಯಾರದೋ ಜಾಗ ಅವರದು. ಸಂಜೆ ತಗಡು, ಪಾತ್ರೆ ಒಯ್ದರೂ ಒಲೆ ಇರುತ್ತದೆ. ಒಲೆ ಇರುವವರೆಗೆ ಬೇರೆಯವರು ಅಲ್ಲಿ ಒಂದು ಕಲ್ಲೂ ಇಡುವುದಿಲ್ಲ. ಒಲೆ ಕಿತ್ತರೆ ಬಿಟ್ಟುಕೊಟ್ಟಂತೆ. ಇದನ್ನು ಯಾರೂ ಬರೆದಿಲ್ಲ. ಬರೆದದ್ದಕ್ಕಿಂತ ಗಟ್ಟಿಯಾಗಿ ಎಲ್ಲರೂ ನಡೆಸಿಕೊಂಡು ಬಂದಿದ್ದರು.

"ಚಿಗವ್ವಾ, ಒಲಿ ಯಾಕ ಕಿತ್ತಿದಿ?"

"ಸರ್ವೇದವ್ರು ಬಂದಿದ್ರಪಾ. ಮ್ಯಾಲ ಕ್ಯಾಮರಾ ಇಟಗೊಂಡು. ಗಾಡಿ ತಿರುಗಿ ಬರ್ತದ, ಒಲಿ ಕಂಡ್ರ ದಂಡ ಹಾಕ್ತಾರ, ಅದನ್ನೂ ಕಿತ್ತುಬಿಡು ಅತ್ತಿ ಅಂದ ಅಂಬಪ್ಪ. ಅವನ ಕೂಡ ಸಾಹೇಬ್ರು ಗುಟ್ಟಾಗಿ ಮಾತಾಡಿದ್ರಂತ."

"ಯವ್ವಾ, ಅದು ನಾನ. ನನ್ನ ಗಾಡಿ. ನೀ ನೋಡಲಿಲ್ಲೇನು?"

ಚಿಗವ್ವ ನನ್ನ ಮುಖ ನೋಡಲಿಲ್ಲ. ಬುಟ್ಟಿಯಲ್ಲಿದ್ದ ಒಂದು ಹೆಂಟೆಯನ್ನು ಎತ್ತಿ ಸರಿಯಾಗಿಟ್ಟಳು.

"ನೀನಾಗಿದ್ರ ನಿಂದರತಿದ್ದಿ" ಎಂದಳು.

ನಾನು ಮೇಲೆ ಹೋಗಿ ಅಂಬಪ್ಪನ ಮುಂದೆ ನಿಂತೆ. ಅವನು ನನ್ನನ್ನೂ ಗಾಡಿಯನ್ನೂ ನೋಡಿ, ಬಹಳ ನೊಂದವನಂತೆ ತಲೆ ಅಲ್ಲಾಡಿಸಿದ.

"ಅತ್ತಿ ಮಗ ಸರ್ವೇದಾಗ ಅದಾನಂತ ನಮಗ ಗೊತ್ತಿರಲಿಲ್ರಿ. ನಿಮ್ಮ ಸರಕಾರ ಎಬ್ಬಿಸಿದ ಜಾಗ ಇದು. ಖಾಲಿ ಬಿದ್ದಿತ್ತು, ನಾ ಕುಂತೆ. ನಾಳೆ ನೀವು ನನ್ನೂ ಎಬ್ಬಿಸಿದ್ರ ಎದ್ದು ಹೋಗ್ತೀನಿ."

"ಸರ್ವೇ ಅಲ್ಲಪಾ. ಇದು ಶಾವಿಗಿ ಒತ್ತೂ ಸ್ಟ್ಯಾಂಡು."

ಅಷ್ಟರಲ್ಲಿ ಸಾಲಿನವರೆಲ್ಲ ಸುತ್ತ ನೆರೆದಿದ್ದರು. ಈ ಮಾತಿಗೆ ಅವರು ನಕ್ಕ ರೀತಿ ನೋಡಿ ನಾನು ಕಾಲೇಜಿನಲ್ಲಿ ಕಲಿತದ್ದೊಂದು ನೆನಪಿಗೆ ಬಂತು: ಮಾತಿಗಿಂತ ಪ್ರಯೋಗ ಮೇಲು. ಇದನ್ನು ಯಾವ ವಿಷಯದಲ್ಲಿ ಕಲಿತೆನೋ ತಿಳಿಯದು, ನಾನು ಓದಿದ್ದು ಇತಿಹಾಸ.

ಮರುದಿನ ಗಿರಣಿಗೆ ರಜೆ ಹಾಕಿ, ಜಯಶ್ರೀಯ ಕೈಯಲ್ಲಿ ಅಕ್ಕಿ ಹಿಟ್ಟು ಬೇಯಿಸಿ ಉಂಡೆ ಮಾಡಿಸಿಕೊಂಡು, ಕೊಳವೆ ಹಿಡಿದುಕೊಂಡು ಮತ್ತೆ ಬಂದೆ. ಸ್ಟ್ಯಾಂಡು ಕಾರಿನಿಂದ ಬರದು. ಆದ್ದರಿಂದ ಕಾರಿನ ಮೇಲೆಯೇ ಒತ್ತಬೇಕಾಯಿತು. ಪಂಚರ್ ಅಂಗಡಿಯ ದಾನಿಷ್ ಒಂದು ಸ್ಟೂಲು ಕೊಟ್ಟ. ಜಯಶ್ರೀ ಸೆರಗು ಬಿಗಿದು ಅದರ ಮೇಲೆ ಹತ್ತಿದಳು.

"ನಮ್ಮವ್ವ ಇದನ್ನ ಕೊಟ್ಟಾಗ ಹಿಂಗ ರಸ್ತಾದಾಗ ಒತ್ತಂತ ಹೇಳಿರಲಿಲ್ಲ" ಎಂದು ನನಗಷ್ಟೇ ಕೇಳುವಂತೆ ಹೇಳಿ ಹಿಡಿ ತಿರುವಿದಳು. ಬೆಳ್ಳನೆಯ ಶಾವಿಗೆ ಕಾರಿನ ತಲೆಯಿಂದ ಗಾಜಿನ ಮುಂದೆ ಇಳಿದು ನಾನು ಹಿಡಿದ ತಟ್ಟೆಗೆ ಬಿತ್ತು. ಸಿಂಧನೂರಿನ ಬಸ್ಸೊಂದು ನಿಂತು ನೋಡಿ ಮುಂದೆ ಹೋಯಿತು. ಬೆಲ್ಲ, ಹಾಲು ಹಾಕಿ ಎಲ್ಲರಿಗೂ ಕೊಟ್ಟೆವು. ಅಂಬಪ್ಪ ಎರಡು ಸಲ ಹಾಕಿಸಿಕೊಂಡ.

"ಈಗ ಒಪ್ತೀರಿಲ್ಲೋ, ಇದು ಸರ್ವೇ ಅಲ್ಲ?"

"ಸರಕಾರದವ್ರು ಈಗ ಎಲ್ಲಾ ಕಲ್ತಾರ ಬಿಡ್ರಿ" ಎಂದ ಒಬ್ಬ, ತಟ್ಟೆ ನೆಕ್ಕುತ್ತ.

ಅಂಬಪ್ಪ ಬಾಯಿ ಒರೆಸಿಕೊಂಡ. "ಇಲ್ಲಪಾ, ನಾ ಒಪ್ಪತೀನಿ. ಶಾವಿಗಿನ ಇದು, ಖರೇ ಶಾವಿಗಿ. ಸರ್ವೇ ಅಲ್ಲ. ಅಂದಮ್ಯಾಲ ಸರಕಾರ ಅತ್ತಿನ್ನ ಎಬ್ಬಿಸಿಲ್ಲ. ತಾನಾಗಿ ಒಲಿ ಕಿತ್ತಾಳ. ತಾನಾಗಿ ಕಿತ್ರ ಜಾಗ ಬಿಟ್ಟಂಗ, ಹೌದಿಲ್ರಿ?"

ಎಲ್ಲರೂ ಯೋಚಿಸಿದರು. ಕಟ್ಟಳೆ ಹಾಗೇ ಇತ್ತು. ನಿನ್ನೆ ಸರ್ಕಾರ ಕಸಿದುಕೊಂಡಿದ್ದ ಜಾಗವನ್ನು ಇವತ್ತು ಚಿಗವ್ವ ದಾನ ಮಾಡಿದಂತಾಯಿತು. ಅದನ್ನು ಸಾಬೀತು ಮಾಡಿದವನು ನಾನು, ಸ್ವಂತ ಖರ್ಚಿನಲ್ಲಿ, ಬೆಲ್ಲ ಹಾಕಿ.

"ಒಲಿ ಕೀಳು ಅಂದಾವ ನೀನ ಅಲ್ಲೇನು?" ಎಂದೆ.

"ನಾ ಎಲ್ಲಿ ಅಂದೆ?" ಎಂದ ಅಂಬಪ್ಪ, ಒಲೆ ಕಿತ್ತಾಳೆ ಎಂದ ತನ್ನ ಮಾತನ್ನೇ ನುಂಗಿ. "ಅಲ್ಲಿ ಒಲಿ ಇತ್ತಂತ ಹೇಳವ್ರು ಯಾರು? ದಾನಿಷ್, ನೀ ಬಾಜೂಕ ಇರಾವ, ಹೇಳೋ. ಇಲ್ಲಿ ಒಲಿ ಇತ್ತೇನು?"

ದಾನಿಷ್ ಚಿಗವ್ವನ ಚಹಾ ಕುಡಿದೇ ಬೆಳೆದವನು. ಅವನ ಅಂಗಡಿಯ ತಗಡೂ ರಸ್ತೆಯ ಮೇಲೇ ಚಾಚಿದೆ.

"ನನಗ ಗೊತ್ತಿಲ್ರಿ" ಎಂದ. "ನಾ ಕೆಳಗ ನೋಡಿ ಪಂಚರ್ ಹಾಕಾವ."

ಸ್ಟೂಲು ತೆಗೆದುಕೊಂಡು ಹೋದ. ಉಳಿದವರಿಗೂ ಏಕಾಏಕಿ ಕೆಲಸ ನೆನಪಾಯಿತು.

ಆಗ ನನಗೆ ಹೊಳೆಯಿತು. ಯಾರೂ ಹೇಳದಿದ್ದರೇನು, ನನ್ನ ಚಿತ್ರ ಇದೆಯಲ್ಲ. ಅವತ್ತು ಒಲೆ ಅಲ್ಲಿ ಉರಿಯುತ್ತಿತ್ತು, ನನ್ನ ಕ್ಯಾಮೆರಾ ಅದರ ಮುಂದೆಯೇ ಹಾದುಹೋಗಿದೆ. ಬುಟ್ಟಿ ಹೊತ್ತುಕೊಂಡು ಬಂದ ಚಿಗವ್ವನನ್ನು ಕಾರಿನಲ್ಲಿ ಕೂಡಿಸಿಕೊಂಡು ರಸ್ತೆಯ ಕೆಲಸ ನೋಡುವ ಆಫೀಸಿಗೆ ಹೋದೆ. ಅವಳು ದಾರಿಯುದ್ದಕ್ಕೂ ಆ ಬುಟ್ಟಿಯನ್ನು ಕೆಳಗಿಡಲಿಲ್ಲ.

ಅಲ್ಲಿಯ ಸಾಹೇಬರ ಹೆಸರು ಹನುಮಂತರಾಯ. ಒಳ್ಳೆಯವರು. ಕೂರಲು ಹೇಳಿದರು, ನೀರು ಕೊಡಿಸಿದರು, ಪೂರ್ತಿ ಕೇಳಿದರು.

"ನೋಡ್ರಿ ಗಾದಿಲಿಂಗ್, ಕಾನೂನಿನ ಪ್ರಕಾರ ಆ ಜಾಗ ಈಕಿದೂ ಅಲ್ಲ, ಅಂಬಪ್ಪಂದೂ ಅಲ್ಲ. ನೀವು ಅರ್ಜಿ ಕೊಟ್ರ ನಾ ಇಡೀ ಸಾಲನ್ನ ಎಬ್ಬಿಸಬೇಕಾಗ್ತದ. ಕೊಡ್ತೀರೇನು?"

"ಬ್ಯಾಡ್ರಿ ಸಾರ್."

"ಬ್ಯಾಡ. ಬಾಯಿಮಾತಿಲೆ ಅಂಬಪ್ಪಗ ಹೇಳ್ತೀನಿ. ಮೊದಲಿದ್ದಾಕಿಗೆ ಬಿಟ್ಟುಕೊಡು ಅಂತ. ನನ್ನ ಮಾತು ತೆಗದಹಾಕಂಗಿಲ್ಲ ಅವ. ಆದ್ರ ಆಕಿ ಮೊದಲಿದ್ಲು ಅನ್ನೂದು ನಾ ಒಮ್ಮೆ ಕಣ್ಣಿಲೆ ನೋಡಬೇಕು. ತೋರಸ್ರಿ ನಿಮ್ಮ ವಿಡಿಯೋ."

ಆಫೀಸಿನವರೆಲ್ಲ ಮೇಜಿನ ಸುತ್ತ ಬಗ್ಗಿದರು. ಹಂಪು ಬಂತು. ಅಂಬಪ್ಪ ಬಂದ, ದಸ್ತಿ ತೆಗೆದ, ಸರಿದ. ಬಲಗಡೆಯ ಅಂಗಡಿಗಳು ಬೋರ್ಡಿನ ಅಕ್ಷರ ಓದುವಷ್ಟು ಸ್ಪಷ್ಟವಾಗಿ ಬಂದವು. ಎಡಗಡೆ ನಿಂಬೆಹಣ್ಣು. ಹಂಪಿನಲ್ಲಿ ಕುಲುಕಿದ್ದರಿಂದ ಅದು ಈಗ ಜೋರಾಗಿ ತೂಗುತ್ತಿತ್ತು. ಒಂದು ಕ್ಷಣ ಅದು ಅತ್ತ ಸರಿದಾಗ ಅದರ ಅಂಚಿನಿಂದ ಒಂದು ಕೈ ಕಂಡಿತು. ಹಸಿರು ಬಳೆಯ, ಮೇಲೆ ಎತ್ತಿದ ಒಂದು ಕೈ. ಮತ್ತೆ ಹಣ್ಣು ಬಂತು. ಹಣ್ಣು ಮುಂದಿನ ಸಲ ಸರಿದಾಗ ಅಂಗಡಿಗಳ ಸಾಲೇ ಮುಗಿದು ಹತ್ತಿ ಹೊಲ ಬಂದಿತ್ತು.

"ಹಿಂದ ತಗೋರಿ" ಎಂದರು ಸಾಹೇಬರು. ತೆಗೆದುಕೊಂಡೆ. "ನಿಂದರಸ್ರಿ." ನಿಲ್ಲಿಸಿದೆ. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು.

"ಕೈ ಐತಿ" ಎಂದರು. "ಅಂಗಡಿ ಇಲ್ಲ."

"ಅದು ನಮ್ಮ ಚಿಗವ್ವನ ಕೈ ಸಾರ್. ಬಳಿ ನೋಡ್ರಿ."

"ರಸ್ತಾ ಬದೀಗಿ ನಿಂತು ಬಸ್ಸಿಗೆ ಕೈ ಮಾಡೂ ಹೆಣ್ಮಕ್ಕಳೆಲ್ಲ ಹಸಿರು ಬಳಿ ಹಾಕ್ಯಾರ್ರಿ." ಮೊಬೈಲನ್ನು ನನ್ನತ್ತ ಸರಿಸಿ, ಬೇಸರದಿಂದಲೇ, "ನಿಮ್ಮ ನಿಂಬಿಹಣ್ಣು ಭಾಳ ಜಾಗಾ ಹಿಡದೈತಿ, ಗಾದಿಲಿಂಗ್" ಎಂದರು. ಯಾರೋ ಹಿಂದೆ ನಕ್ಕರು. ಚಿಗವ್ವ ಮೊಬೈಲಿನತ್ತ ಒಮ್ಮೆಯೂ ಬಗ್ಗಿ ನೋಡಲಿಲ್ಲ. ಬುಟ್ಟಿ ಎತ್ತಿಕೊಂಡು ಬಾಗಿಲಿಗೆ ಹೋಗಿ ನಿಂತಳು.

ಇದೆಲ್ಲ ಆಗಿ ಈಗ ಕೆಲವು ತಿಂಗಳಾದವು. ಮಲೀಕಸಾಬ ಸ್ಟ್ಯಾಂಡನ್ನು ಕೊಯ್ದು ತೆಗೆದ. ಜೊತೆಗೆ ಕಾರಿನ ಮೇಲಿನ ಬಣ್ಣವೂ ಹೋಯಿತು. ಎರಡು ಕಾಲು ಉಳಿದ ಸ್ಟ್ಯಾಂಡು ಅಟ್ಟದ ಮೇಲಿದೆ. ಭೀಮೇಶ ಸಿಕ್ಕಾಗಲೆಲ್ಲ, "ಏನ್ರಿ ಸರ್ವೇ ಸಾಹೇಬ್ರ" ಎನ್ನುತ್ತಾನೆ. ಅವನಿಗೆ ಅಷ್ಟೇ ಗೊತ್ತು. ತೋಟ ನೆಟ್ಟವನ ಸಸಿಗಳು ನೀರಿಲ್ಲದೆ ಒಣಗಿದವು. ಅವನು ದಾರಿಯಲ್ಲಿ ನನ್ನ ಕಾರು ಕಂಡರೆ ಈಗ ಬೇರೆ ಥರ ಕೈ ತೋರಿಸುತ್ತಾನೆ.

ಚಿಗವ್ವ ತಗ್ಗಿನಲ್ಲಿ, ಜಾಲಿಗಿಡದ ಬುಡದಲ್ಲಿ ಹೊಸ ಒಲೆ ಹಾಕಿಕೊಂಡಿದ್ದಾಳೆ. ಚಹಾ ಬೇಕಾದವರು ಅಂಬಪ್ಪನ ಡಬ್ಬಾದ ಪಕ್ಕದಿಂದ ಇಳಿದು ಹೋಗಬೇಕು. ಅವನು ಈಗ ಚಹಾವನ್ನೂ ಇಟ್ಟಿದ್ದಾನೆ. ಆದ್ದರಿಂದ ಇಳಿಯುವವರು ಕಡಿಮೆ. ಮಳೆ ಬಂದರೆ ರಸ್ತೆಯ ನೀರೆಲ್ಲ ಅಲ್ಲಿಗೇ ಇಳಿಯುತ್ತದೆ. ಸಿಂಧನೂರಿಗೆ ಬಂದು ನಮ್ಮ ಮನೆಯಲ್ಲಿರು ಎಂದು ನಾನೂ ಜಯಶ್ರೀಯೂ ಕೇಳಿದೆವು. "ಒಲಿ ಹಾಕೀನಲ್ಲ" ಎಂದಳು.

ನಾನು ಈಗ ಹೋಗುವಾಗ ನಿಲ್ಲುತ್ತೇನೆ, ಬರುವಾಗಲೂ ನಿಲ್ಲುತ್ತೇನೆ. ಕೆಲಸವಿಲ್ಲದಿದ್ದರೂ ಹೋಗಿ ನಿಲ್ಲುತ್ತೇನೆ. ಒಮ್ಮೆ ಕೇಳಿದೆ.

"ಚಿಗವ್ವಾ, ಅವತ್ತು ನೀ ಕೈ ಎತ್ತಿದ್ದಿ. ವಿಡಿಯೋದಾಗ ಐತಿ. ಯಾಕ ಎತ್ತಿದ್ದಿ?"

"ಚಾ ಆರ್ತದ, ಕುಡಿ" ಎಂದಳು.

ಆ ಚಿತ್ರ ಇನ್ನೂ ನನ್ನ ಮೊಬೈಲಿನಲ್ಲಿದೆ. ಆ ಕ್ಷಣಕ್ಕೆ ನಿಲ್ಲಿಸಿ, ಬೆರಳಿನಿಂದ ಅಗಲಿಸಿ ಎಷ್ಟೋ ಸಲ ನೋಡಿದ್ದೇನೆ. ಅಗಲಿಸಿದಷ್ಟೂ ಕೈ ಮಸುಕಾಗುತ್ತದೆ, ಹಣ್ಣು ದೊಡ್ಡದಾಗುತ್ತದೆ. ಬೆಳಗಿನ ಹೊತ್ತು ನಾನು ಬಂದ ದಿಕ್ಕಿನಲ್ಲಿ ಬಿಸಿಲಿರುತ್ತದೆ. ಯಾವ ಗಾಡಿ ಎಂದು ನೋಡಲು ಕಣ್ಣಿಗೆ ಅಡ್ಡ ಹಿಡಿದ ಕೈ ಇರಬಹುದು. ಹಾಗಿದ್ದರೆ ಅವಳಿಗೆ ನನ್ನ ಗುರುತು ಸಿಕ್ಕಿರಲಿಲ್ಲ. ಅಥವಾ ಗುರುತು ಹಿಡಿದು, ನಿಲ್ಲು ಎಂದು ನನಗೇ ಎತ್ತಿದ ಕೈ ಇರಬಹುದು. ಯಾವುದು ಎಂದು ನನಗೆ ಗೊತ್ತಿಲ್ಲ.